ಮಡಚಿದರೆ ಹಾಳೆ, ಬಿಚ್ಚಿದರೆ ಬಾತು

ಮೇಘನಾ ನಮ್ಮ ಸ್ನೇಹಿತರ ಮಗಳು, ಇಲ್ಲೇ ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿದ್ದಾಳೆ. ಟೆಂಟು, ಗಾಳ, ಬೆನ್ನುಚೀಲ ಮಾರುವ ಕಂಪನಿಯೊಂದರಲ್ಲಿ ಅವಳಿಗೆ ಈಚೆಗೆ ಬೈಯರ್ ಕೆಲಸ ಸಿಕ್ಕಿತು. ಅಂಗಡಿಯಲ್ಲಿ ಯಾವ ಸಾಮಾನು ಇಡಬೇಕು, ಯಾವುದು ಬೇಡ ಎಂದು ಆರಿಸುವ ಕೆಲಸ. ಹೋದ ತಿಂಗಳು ಫೋನ್ ಮಾಡಿ, “ಆಂಟಿ, ನೀವೂ ಇದೇ ಕೆಲಸ ಮಾಡ್ತಿದ್ರಂತೆ? ಆಗ ಆನ್‌ಲೈನ್ ರಿವ್ಯೂ ಏನೂ ಇರ್ಲಿಲ್ವಲ್ಲ, ಹೇಗೆ ಸೆಲೆಕ್ಟ್ ಮಾಡ್ತಿದ್ರಿ?” ಎಂದು ಕೇಳಿದಳು.

“ಸೊಂಟದವರೆಗೆ ನೀರಲ್ಲಿ ನಿಂತ್ಕೊಂಡು” ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನಾನು ನಿಜವನ್ನೇ ಹೇಳಿದ್ದೆ. ಆದ್ದರಿಂದ ಅವಳಿಗಾಗಿ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಸನ್ಮಾನ ಮಾಡಿದರು ಎನ್ನುವುದೆಲ್ಲ ಇದರಲ್ಲಿಲ್ಲ. ಇದರಲ್ಲಿರುವುದು ಬಾತುಕೋಳಿಗಳು, ಅದೂ ನಿಜವಾದವು ಕಡಿಮೆ.

ನಾನು ಆರಿಸುತ್ತಿದ್ದದ್ದು ಡಿಕಾಯ್. ಬಾತು ಬೇಟೆಗೆ ಹೋಗುವವರು ನೀರಿನ ಮೇಲೆ ತೇಲಿಬಿಡುವ ಹುಸಿ ಬಾತು. ಮೇಲೆ ಹಾರುವ ಹಕ್ಕಿ ಅದನ್ನು ನೋಡಿ, ನಮ್ಮವರು ಇಲ್ಲಿದ್ದಾರೆ, ಜಾಗ ಕ್ಷೇಮವಾಗಿದೆ ಎಂದು ನಂಬಿ ಇಳಿಯುತ್ತದೆ. ನಮ್ಮ ತಾತ ಇಂಥದ್ದಕ್ಕೆ ದೀಮದ ಹಕ್ಕಿ ಎನ್ನುತ್ತಿದ್ದರು. ಹಕ್ಕಿಗಳು ಪೆದ್ದು ಎಂದು ನಗಬೇಡಿ. ನಾವು ಬಾಕ್ಸ್ ಹಿಲ್ ಬಡಾವಣೆಯಲ್ಲಿ ಮನೆ ಹಿಡಿದದ್ದೂ ಹೀಗೆಯೇ. ಬೀದಿಯಲ್ಲಿ ಒಂದು ಬಾಲ್ಕನಿಯ ಮೇಲೆ ಸೀರೆ ಒಣಗುತ್ತಿತ್ತು. ಅಷ್ಟು ನೋಡಿ ರೆಂಟ್ ಕೂಡ ಸರಿಯಾಗಿ ವಿಚಾರಿಸದೆ ಇಳಿದುಬಿಟ್ಟೆವು.

ನಾವು ಮೈಸೂರು ಬಿಟ್ಟು ಮೆಲ್ಬರ್ನ್‌ಗೆ ಬಂದ ಹೊಸತು, ಎಂಬತ್ತರ ದಶಕದ ಕೊನೆ. ನಮ್ಮ ಯಜಮಾನರು ಶ್ರೀಧರ್ ಇಂಜಿನಿಯರ್, ಅವರಿಗೆ ಬಂದ ತಿಂಗಳಲ್ಲೇ ಕೆಲಸವಾಯಿತು. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಎರಡು ವರ್ಷ ಹಕ್ಕಿ ಎಣಿಸಿದವಳು. ಇಲ್ಲಿ ಎಲ್ಲಿ ಹೋದರೂ ಲೋಕಲ್ ಎಕ್ಸ್‌ಪೀರಿಯೆನ್ಸ್ ಕೇಳುತ್ತಿದ್ದರು. ಇಲ್ಲಿನ ಹಕ್ಕಿಗಳನ್ನು ನಾನಿನ್ನೂ ಎಣಿಸಿರಲಿಲ್ಲ. ಕೊನೆಗೆ ಬೇಟೆ ಮತ್ತು ಮೀನುಗಾರಿಕೆಯ ಸಾಮಾನು ಮಾರುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಗೋಡೌನು, ಆಫೀಸು ಮೆಲ್ಬರ್ನ್‌ನಲ್ಲಿ, ಇನ್ನೊಂದು ಅಂಗಡಿ ಸಿಡ್ನಿಯಲ್ಲಿ. ಗಿರಾಕಿಗಳ ದೂರಿನ ಪತ್ರಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ.

ಮೊಟ್ಟೆಯನ್ನೂ ತಿನ್ನದ ಮನೆಯವಳು ಬೇಟೆ ಸಾಮಾನಿನ ಕಂಪನಿಯಲ್ಲಿದ್ದೇನೆಂದು ಮೈಸೂರಿಗೆ ಹೇಗೆ ಬರೆಯುವುದು? ಅತ್ತೆಗೆ “ಗೊಂಬೆ ಕಂಪನಿ” ಎಂದು ಬರೆದೆ. ಸುಳ್ಳೇನೂ ಅಲ್ಲ. ಮನಸ್ಸಿಗೆ ಸಂಕಟವಾಗುತ್ತಿರಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಆಗುತ್ತಿತ್ತು. ಬಂದೂಕಿನ ಕಪಾಟಿನ ಕಡೆ ನಾನು ಹೋಗುತ್ತಲೇ ಇರಲಿಲ್ಲ. ಆದರೆ ಸಂಬಳ ಬೇಕಿತ್ತು, ಹಕ್ಕಿಯ ವಿಷಯ ಮಾತಾಡುವ ಕೆಲಸ ಬೇರೆಲ್ಲೂ ಸಿಕ್ಕಿರಲಿಲ್ಲ, ಎರಡೂ ನಿಜ.

ಪತ್ರ ಓದಿ ಓದಿ ನನಗೊಂದು ವಿಷಯ ಹೊಳೆಯಿತು. ಡಿಕಾಯ್ ಬಗ್ಗೆ ದೂರುವವರಲ್ಲಿ ಮುಕ್ಕಾಲು ಪಾಲು ವಯಸ್ಸಾದವರು. ಬಣ್ಣ ಹೋಯಿತು, ನೀರು ತುಂಬಿತು ಎಂದು ಶುರು ಮಾಡಿ, ಕೊನೆಯ ಸಾಲಿನಲ್ಲಿ ಬೆನ್ನುನೋವಿಗೆ ಬರುತ್ತಿದ್ದರು. ಆಗ ನಾವು ಮಾರುತ್ತಿದ್ದವು ದಪ್ಪ ಪ್ಲಾಸ್ಟಿಕ್ಕಿನ ಬಾತುಗಳು, ಹೊಟ್ಟೆಯಡಿ ಭಾರದ ತುಂಡು. ಎರಡು ಡಜನ್ ಗೋಣಿಯಲ್ಲಿ ತುಂಬಿ ಕೆಸರಿನಲ್ಲಿ ಮೈಲಿ ನಡೆಯಬೇಕು. ನಾನು ಮಾಲೀಕರಾದ ಕೆವಿನ್ ಹತ್ತಿರ ಹೋಗಿ, “ಇವರ ಕಂಪ್ಲೇಂಟ್ ಬಾತಿನ ಮೇಲಲ್ಲ, ಭಾರದ ಮೇಲೆ. ಮಡಚೋ ಥರದ್ದು ಬರುತ್ತಂತೆ, ತರಿಸಿ ನೋಡ್ಬಹುದಲ್ಲ” ಎಂದೆ.

(ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಆದರೆ ಕನ್ನಡದಲ್ಲಿ ಬರೆಯುವಾಗ ಹಿರಿಯರಿಗೆ ಬಹುವಚನ ಬಿಡಲು ಕೈ ಬರುವುದಿಲ್ಲ. ಅವರ ಮಾತನ್ನೂ ನಮ್ಮ ಮಾತಿಗೆ ಬಗ್ಗಿಸಿಕೊಂಡಿದ್ದೇನೆ.)

ಕೆವಿನ್ ಆರಡಿ ಎತ್ತರದ, ಪಾಪದ ಮನುಷ್ಯ. ಎದ್ದು ಬಾಗಿಲು ಮುಚ್ಚಿದರು. “ಸುಶ್, ಇದು ನಮ್ಮಪ್ಪನ ಕಥೆ ಕಣೆ” ಎಂದರು; ನನ್ನ ಹೆಸರು ಅವರ ಬಾಯಲ್ಲಿ ಅಷ್ಟೇ ಉಳಿದಿತ್ತು. ಅವರಪ್ಪ ಬರ್ಟ್, ಸಂಸ್ಥೆ ಕಟ್ಟಿದವರು, ಎಪ್ಪತ್ತು ದಾಟಿತ್ತು. ಹುಡುಗನಾಗಿದ್ದಾಗಿನಿಂದ ಒಂದೇ ಒಂದು ಜೌಗಿಗೆ ಪ್ರತಿ ಮಾರ್ಚ್ ಬೇಟೆಯ ಮೊದಲ ದಿನ ತಪ್ಪದೆ ಹೋದವರು. ಹೃದಯದ ಆಪರೇಷನ್ ಆಗಿತ್ತು, ಭಾರ ಹೊರಬಾರದೆಂದು ಡಾಕ್ಟರು ಹೇಳಿದ್ದರು. ನಾನು ಹೊತ್ತು ತರುತ್ತೇನೆಂದು ಮಗ ಹೇಳಿದ್ದಕ್ಕೆ, ನನ್ನ ಬಾತು ನಾನು ಹೊರಲಾರದ ದಿನ ಮನೆಯಲ್ಲೇ ಇರುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದರು.

“ಆ ನೀರು ನೋಡ್ದೆ ಅವರು ಕುಗ್ಗಿ ಹೋಗ್ತಾರೆ. ಸ್ಯಾಂಪಲ್ ತರಿಸ್ತೀನಿ, ನೀನೇ ಒಂದು ಆರಿಸು. ಮಾರ್ಚ್‌ನಲ್ಲಿ ಅಪ್ಪ ಅದನ್ನ ಹೊತ್ಕೊಂಡು ಹೋದ್ರೆ ಸಾಮಾನು ಆರಿಸೋ ಕೆಲಸ ನಿಂದೇ. ಗಾಡೀಲೇ ಬಿಟ್ಟು ಹೋದ್ರೆ…” ಎಂದು ದೂರಿನ ಪತ್ರಗಳ ಕಟ್ಟಿನ ಕಡೆ ನೋಡಿದರು. ಅರ್ಥವಾಯಿತು.

ಸ್ಯಾಂಪಲ್ ಬಂದವು, ಬೇರೆ ಬೇರೆ ದೇಶದ ಎಂಟು ಥರ. ಒಂದಕ್ಕೆ ಹೊಟ್ಟೆಯಲ್ಲಿ ತೂತು, ನೀರಿಗೆ ಬೀಳಿಸಿದರೆ ತಾನೇ ಗಾಳಿ ತುಂಬಿಕೊಳ್ಳುವ ರಬ್ಬರು. ಒಂದು ಬಟ್ಟೆಯ ಚೀಲ, ಗಾಳಿ ಬಂದರೆ ಬಾತು, ನಿಂತರೆ ಒಗೆದು ಬಿಸಾಕಿದ ಕಾಲುಚೀಲ. ಒಂದು ತೆಳು ಫೋಮಿನ ಎರಡು ಹಾಳೆ, ಪುಸ್ತಕದಂತೆ ಬಿಚ್ಚಿ ಕೆಳಗೆ ಒಂದು ಪಟ್ಟಿ ಸಿಕ್ಕಿಸಿದರೆ ಬಾತಾಗುತ್ತಿತ್ತು. ನೋಡಲು ಮಾತ್ರ ಎಲ್ಲಕ್ಕಿಂತ ಕುರೂಪಿ. ಕೆವಿನ್‌ಗೆ ಇಷ್ಟವಾದದ್ದು ಹಸಿರು ತಲೆಯ, ಮಿರಮಿರ ಮಿಂಚುವ ಒಂದು ಸುಂದರಾಂಗ. ಅಂಥ ಬಾತು ಯುರೋಪು, ಅಮೆರಿಕದ ಕೆರೆಗಳದ್ದು. ಇಲ್ಲಿನ ಜೌಗುಗಳಲ್ಲಿ ಹೆಚ್ಚಾಗಿರುವ ಕಪ್ಪು ಬಾತು ನಿಜಕ್ಕೂ ಕಂದುಬಣ್ಣದ್ದು, ಕಣ್ಣಿಗೆ ಕಾಡಿಗೆ ತೀಡಿದಂತೆ ಒಂದು ಗೆರೆ. ಸೂಟು ಹಾಕಿಕೊಂಡವನು ಒಬ್ಬನೇ ಹೊಲದಲ್ಲಿ ನಿಂತರೆ ಯಾರು ನಂಬುತ್ತಾರೆ ಎಂದು ವಾದಿಸಿ ಅದನ್ನು ಬದಿಗಿಟ್ಟೆ.

ಪರೀಕ್ಷೆಗಳನ್ನು ನಾನೇ ಹುಟ್ಟಿಸಿಕೊಂಡೆ. ಬಚ್ಚಲಿನ ಟಬ್ಬಿನಲ್ಲಿ ವಾರವಿಡೀ ಬಾತುಗಳು ತೇಲಿದವು. ಶ್ರೀಧರ್ ಬಕೆಟ್ಟಿನಲ್ಲಿ ಸ್ನಾನ ಮಾಡಿದರು. “ಹತ್ತು ಸಾವಿರ ಕಿಲೋಮೀಟರ್ ಬಂದ್ಮೇಲೂ ಬಕೆಟ್ ತಪ್ಪಲಿಲ್ಲ ನೋಡು” ಎಂದು ಗೊಣಗಿದರು. ಎರಡೇ ಸೆಕೆಂಡಿನಲ್ಲಿ ಬಿಚ್ಚಬಹುದೆಂದು ಕ್ಯಾಟಲಾಗು ಹೇಳುತ್ತಿತ್ತು. ಬೆಚ್ಚಗಿನ ಆಫೀಸಿನಲ್ಲಿ ಕೂತು ಬರೆದ ಮಾತದು. ನಾನು ಐಸ್ ಹಾಕಿದ ನೀರಿನಲ್ಲಿ ಎರಡೂ ಕೈ ಅದ್ದಿ, ಮರಗಟ್ಟಿದ ಮೇಲೆ ಬಿಚ್ಚಲು ನೋಡಿದೆ. ಎಂಟರಲ್ಲಿ ಮೂರು ಅಲ್ಲೇ ಫೇಲಾದವು. ಇನ್ನೊಂದು ಪರೀಕ್ಷೆ ಆಕಸ್ಮಿಕ. ಇಲ್ಲಿ ಕಡುಬೇಸಿಗೆಯಾದ ಜನವರಿಯ ಬಿಸಿಲಲ್ಲಿ ಕಾರಿನೊಳಗೆ ಮರೆತು ಬಂದ ಒಂದು ಬಾತಿನ ಕತ್ತು ಸಂಜೆಯ ಹೊತ್ತಿಗೆ ಮೆತ್ತಗಾಗಿ ಪಕ್ಕಕ್ಕೆ ವಾಲಿತ್ತು. ಆಮೇಲೆ ನಿವೃತ್ತಿಯಾಗುವವರೆಗೂ ಯಾವ ಹೊಸ ಸ್ಯಾಂಪಲ್ ಬಂದರೂ ಒಂದು ದಿನ ಕಾರಿನಲ್ಲಿ ಬೇಯಿಸದೆ ಒಪ್ಪಿದವಳಲ್ಲ.

ಕೊನೆಗೆ ಉಳಿದದ್ದು ಆ ಫೋಮಿನ ಕುರೂಪಿ. ಎರಡು ಡಜನ್ ಸೇರಿದರೂ ಒಂದು ಕೈಚೀಲದಷ್ಟು ತೂಕ. ಕಾಡಿಗೆ ಗೆರೆಯೊಂದಿಗೆ ಕಂದು ಬಣ್ಣ ಬಳಿಸಿದೆ. ಬೇಟೆ ಶುರುವಾಗಲು ಇನ್ನೂ ತಿಂಗಳಿತ್ತು. ಬಂದೂಕಿಲ್ಲದೆ, ಹಕ್ಕಿ ಇಳಿಯುತ್ತವೋ ಇಲ್ಲವೋ ನೋಡಲು ಪರಿಚಿತರೊಬ್ಬರ ಹೊಲದ ಕೆರೆಯಲ್ಲಿ ಬರ್ಟ್ ಎದುರಿಗೆ ತೇಲಿಸಿ ತೋರಿಸುವುದೆಂದು ಗೊತ್ತಾಯಿತು.

ಈಗ ನನ್ನ ದೊಡ್ಡ ಪ್ರಮಾದದ ಕಥೆ ಹೇಳಬೇಕು. ಇಂಥ ತಪ್ಪನ್ನು ಮೈಸೂರಿನವರು ಬಿಟ್ಟರೆ ಪ್ರಪಂಚದಲ್ಲಿ ಬೇರೆ ಯಾರೂ ಮಾಡಿರಲಾರರು.

ನಮ್ಮ ಮನೆಯಲ್ಲಿ ನವರಾತ್ರಿಗೆ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದಾಗ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸುವುದು ರೂಢಿ, ಬಣ್ಣಕ್ಕೆ ಜೀವ ಬರುತ್ತದೆ. ಫೋಮಿನ ಬಾತುಗಳು ಮಂಕಾಗಿ ಕಂಡವು. ದೊಡ್ಡವರ ಮುಂದೆ ಇಡಬೇಕಾದದ್ದು ಎಂದು ಹಿಂದಿನ ದಿನ ಇಪ್ಪತ್ತನಾಲ್ಕಕ್ಕೂ ಎಣ್ಣೆ ಹಚ್ಚಿ ಒರೆಸಿದೆ. ಕೆರೆಯಲ್ಲಿ ಸಲ್ವಾರಿನ ಮೇಲೆ ಎದೆಯವರೆಗೆ ಬರುವ ರಬ್ಬರಿನ ಪ್ಯಾಂಟು ಏರಿಸಿಕೊಂಡು, ಈಜು ಬಾರದ ನಾನು ಸೊಂಟದುದ್ದ ನೀರಿಗಿಳಿದು ಬಾತುಗಳನ್ನು ಜೋಡಿಸಿದೆ. ಹೇಗೆ? ಗೊಂಬೆ ಕೂರಿಸುವ ಹಾಗೆ. ಜೋಡಿ ಜೋಡಿಯಾಗಿ, ಸಾಲು ಸಾಲಾಗಿ, ದೊಡ್ಡವು ಹಿಂದೆ, ಚಿಕ್ಕವು ಮುಂದೆ, ಎಲ್ಲವೂ ನೋಡುವವರ ಕಡೆ ಮುಖ ಮಾಡಿ. ಗಾಳಿಗೆ ತಿರುಗಿಹೋಗುತ್ತಿದ್ದವೆಂದು ಕೊಕ್ಕಿನ ಕಡೆ ಒಂದು, ಬಾಲದ ಕಡೆ ಒಂದು, ಎರಡೆರಡು ದಾರ ಕಟ್ಟಿ, ತುದಿಗೆ ಭಾರ ಸೇರಿಸಿ ತಳಕ್ಕೆ ಇಳಿಸಿ ಬಿಗಿದೆ. ದಡಕ್ಕೆ ಬಂದು ನೋಡಿದಾಗ ಅಚ್ಚುಕಟ್ಟು ಕಂಡು ಮನಸ್ಸು ತುಂಬಿತು. ಆರತಿ ಎತ್ತುವುದೊಂದು ಬಾಕಿ.

ಬರ್ಟ್ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಒಣಕಲು ದೇಹ, ಬಿಳಿಯ ಪೊದೆ ಹುಬ್ಬು. ಬೂದು ಬಾತುಗಳ ಒಂದು ಗುಂಪು ಬಂತು, ಸುತ್ತು ಹಾಕಿತು, ಕೆಳಗಿಳಿಯಿತು. ಇನ್ನೇನು ನೀರು ಮುಟ್ಟಬೇಕು, ಒಮ್ಮೆಲೇ ಬೆಚ್ಚಿಬಿದ್ದಂತೆ ರೆಕ್ಕೆ ಬಡಿದು ಮೇಲೇರಿ ಹೊರಟುಹೋದವು. ಎರಡನೇ ಗುಂಪೂ ಹಾಗೇ. ಮೂರನೆಯದು ಸುತ್ತು ಹಾಕುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಬಾತುಗಳ ಬೆನ್ನುಗಳು ಬಿಸಿಲಿಗೆ ಸ್ಟೀಲ್ ಪಾತ್ರೆಗಳಂತೆ ಹೊಳೆಯುತ್ತಿದ್ದವು. ಸುತ್ತ ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ಹರಡಿತ್ತು.

ಬರ್ಟ್ ಮೂಗು ಅರಳಿಸಿದರು. “ಏನಿದು ವಾಸನೆ?”

“ಕೊಬ್ಬರಿ ಎಣ್ಣೆ.”

“ಓಹೋ. ಬೀಚ್‌ನಲ್ಲಿ ಮೈಗೆ ಎಣ್ಣೆ ಹಚ್ಕೊಂಡು ಬಿಸಿಲು ಕಾಯೋಕೆ ಬಂದ ಬಾತುಗಳೋ?” ಎಂದವರು, ಸಾಲುಗಳ ಕಡೆ ಕೈ ತೋರಿಸಿ, “ಮತ್ತೆ ಇದು? ಸ್ಕೂಲ್ ಫೋಟೋನಾ? ಹೆಡ್‌ಮಾಸ್ಟರ್ ಯಾವನು ಇದ್ರಲ್ಲಿ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಎದೆಯ ಹೊಲಿಗೆ ನೋಯುವಷ್ಟು ನಕ್ಕರು. ಕೆವಿನ್ ಗಾಬರಿಯಿಂದ ನೀರು ತಂದುಕೊಟ್ಟರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಹಿಂದಿರುಗುವಾಗ ಕಾರಿನ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಮನೆಯಲ್ಲಿ ಶ್ರೀಧರ್ ಎಲ್ಲ ಕೇಳಿ, “ಅಲ್ವೇ, ನೀನು ಝೂಆಲಜಿ ಓದಿದ್ದು ಹಕ್ಕಿ ನೋಡೋಕಾ, ಗೊಂಬೆ ನೋಡೋಕಾ?” ಎಂದರು. ಕೋಪ ಬಂತು, ಆದರೆ ಮಾತು ನಾಟಿತು. ಕುಕ್ಕರಹಳ್ಳಿಯಲ್ಲಿ ಎರಡು ವರ್ಷ ಹಕ್ಕಿ ನೋಡಿದವಳು ಇಲ್ಲಿ ಒಂದು ಗಂಟೆಯೂ ನೋಡದೆ ಬಾತು ಆರಿಸಲು ಹೊರಟಿದ್ದೆ. ಮಾರನೆಯ ದಿನದಿಂದ ಊಟದ ಡಬ್ಬಿ ಹಿಡಿದು ಆಫೀಸಿನ ಹತ್ತಿರದ ಪಾರ್ಕಿನ ಕೆರೆಗೆ ಹೋಗತೊಡಗಿದೆ. ಮೊಸರನ್ನ ತಿನ್ನುತ್ತ, ಯಾವ ಬಾತು ಎಲ್ಲಿ ಕೂತಿದೆ, ಯಾವ ಕಡೆ ಮುಖ ಎಂದು ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟೆ. ಒಂದು ದಿನವೂ ಸಾಲಾಗಿ ಕೂರಲಿಲ್ಲ. ಗಾಳಿಗೆ ಎದುರಾಗಿ ಮೂಗು. ಇಲ್ಲೊಂದು ಸಂಸಾರ, ಅಲ್ಲೊಂದು ಸಂಸಾರ, ಆಚೆ ಯಾರ ಜೊತೆಗೂ ಸೇರದ ಒಂದು ಮುನಿಸಿನ ಹಕ್ಕಿ.

ಒಂದು ಮಧ್ಯಾಹ್ನ ತಲೆಯೆತ್ತಿದರೆ ಬೆಂಚಿನ ಇನ್ನೊಂದು ತುದಿಯಲ್ಲಿ ಬರ್ಟ್ ಕೂತಿದ್ದರು. ಮಗ ಹೇಳಿರಬೇಕು. ನನ್ನ ನೋಟ್‌ಬುಕ್ ಇಸಿದುಕೊಂಡು ಬಹಳ ಹೊತ್ತು ಹಾಳೆ ತಿರುವಿದರು.

“ಚುಕ್ಕಿ ಎಲ್ಲಾ ಇಟ್ಟಿದ್ದೀಯ. ಚುಕ್ಕಿ ಇಲ್ದಿರೋದು ಕಾಣಲ್ವಾ?” ಎಂದರು.

ನೋಡಿದೆ. ಪ್ರತಿ ಹಾಳೆಯಲ್ಲೂ ಗುಂಪುಗಳ ನಡುವೆ ಒಂದು ಖಾಲಿ ನೀರು ಇತ್ತು.

“ಹೊಸದಾಗಿ ಬರೋ ಹಕ್ಕಿ ಅಲ್ಲೇ ಇಳಿಯೋದು. ನೀನು ಎಲ್ಲಾ ಕಡೆ ತುಂಬಿಬಿಟ್ರೆ ಅದು ಎಲ್ಲಿ ಕಾಲಿಡ್ಬೇಕು? ಬರೋರಿಗೆ ಜಾಗ ಬಿಡು” ಎಂದು ನೋಟ್‌ಬುಕ್ ವಾಪಸು ಕೊಟ್ಟು, ನನ್ನ ಡಬ್ಬಿ ನೋಡಿ ಮೂಗು ಮುರಿದು ಎದ್ದು ಹೋದರು. ಮೂವತ್ತು ವರ್ಷದ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಯಾರೂ ಹೇಳಿಕೊಡಲಿಲ್ಲ.

ಎಣ್ಣೆಯನ್ನು ಸೀಗೆಪುಡಿ ಹಾಕಿ ತೊಳೆದೆ. ಬಾತುಗಳು ಮೊದಲಿಗಿಂತಲೂ ಮಂಕಾದವು, ಅದೇ ಬೇಕಾಗಿದ್ದದ್ದು. ಬಾಲದ ದಾರ ಕಿತ್ತು ಕೊಕ್ಕಿನ ಕಡೆ ಒಂದೇ ಉಳಿಸಿದೆ, ಗಾಳಿ ಬಂದ ಕಡೆ ತಾವೇ ತಿರುಗಲಿ ಎಂದು. ದಾರ ಸಿಕ್ಕಾಗದಂತೆ, ನಮ್ಮಜ್ಜಿ ಹೂ ಕಟ್ಟುವ ದಾರವನ್ನು ಹೆಬ್ಬೆರಳು ಕಿರುಬೆರಳಿಗೆ ಅಡ್ಡಡ್ಡ ಸುತ್ತುತ್ತಿದ್ದ ಹಾಗೆ ಸುತ್ತಿ ಒಂದೊಂದರ ಮಡಿಕೆಯೊಳಗೂ ಇಟ್ಟೆ.

ಮಾರ್ಚ್ ಬಂತು. ಮೊದಲ ದಿನ ಕೆವಿನ್ ನನ್ನನ್ನೂ ಶ್ರೀಧರ್‌ರನ್ನೂ ಜೌಗಿನ ಹತ್ತಿರ ಬರಲು ಹೇಳಿದ್ದರು. ನಾನು ನೀರಿನ ಹತ್ತಿರ ಹೋಗುವುದಿಲ್ಲ ಎಂದು ಮೊದಲೇ ಹೇಳಿ, ಬೆಳಿಗ್ಗೆ ಗಾಡಿಗಳು ನಿಲ್ಲುವ ಬಯಲಿನಲ್ಲಿ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂತೆ. ನಾವು ಮುಟ್ಟುವ ಮೊದಲೇ ಬರ್ಟ್ ಒಳಗೆ ಹೋಗಿಯಾಗಿತ್ತು. ಅವರ ಯೂಟ್‌ನ, ಅಂದರೆ ಹಿಂಬದಿ ತೆರೆದ ಗಾಡಿಯ, ಮೇಲೆ ಟಾರ್ಪಾಲು ಹೊದಿಸಿತ್ತು. ಹಳೆಯ ಪ್ಲಾಸ್ಟಿಕ್ ಬಾತುಗಳ ಗೋಣಿ, ಮಡಚುವ ಬಾತುಗಳ ನನ್ನ ಚೀಲ ಎರಡನ್ನೂ ತಂದಿದ್ದಾರೆಂದು ಕೆವಿನ್ ಹೇಳಿದ್ದರು. ಟಾರ್ಪಾಲಿನ ಕೆಳಗೆ ಉಳಿದಿರುವುದು ಯಾವುದು? ಎತ್ತಿ ನೋಡಲು ಧೈರ್ಯವಿಲ್ಲ. ದೂರದಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಮತ್ತೆ ಬಿಗಿಯುತ್ತಿದ್ದೆ. ಹಕ್ಕಿ ಬೀಳದಿರಲಿ ಎಂದೂ ಅನಿಸುತ್ತಿತ್ತು, ಬರ್ಟ್ ಗೆಲ್ಲಲಿ ಎಂದೂ ಅನಿಸುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಜೊಂಡಿನ ಮಧ್ಯದಿಂದ ಬರ್ಟ್ ನಡೆದು ಬಂದರು. ಒಬ್ಬರೇ, ನಿಧಾನವಾಗಿ. ಬಂದೂಕು ಒಂದು ಕಡೆ, ಇನ್ನೊಂದು ಹೆಗಲಿಗೆ ನನ್ನ ಚೀಲ. ಕೆಸರಾಗಿತ್ತು, ಒದ್ದೆಯಾಗಿತ್ತು, ನನ್ನದೇ ಚೀಲ. ನೇರ ನನ್ನ ಮುಂದೆ ಬಂದು ಅದನ್ನು ಇಳಿಸಿದರು.

“ದಾರ ಗಿಡ್ಡ ಆಯ್ತು. ನೀರು ಎಷ್ಟು ಆಳ ಇರುತ್ತೆ ಅಂತ ಯಾರನ್ನಾದ್ರೂ ಕೇಳ್ಬೇಕು ಅನ್ನೋ ಬುದ್ಧಿ ಬೇಡ್ವಾ?” ಎಂದು ಗದರಿದರು.

ಅಷ್ಟರಲ್ಲಿ ಹಿಂದಿನಿಂದ ಬಂದ ಕೆವಿನ್ ಕಣ್ಣೊರೆಸಿಕೊಳ್ಳುತ್ತಿದ್ದರು. ಬರ್ಟ್ ಬೈದರೆಂದರೆ ಮೆಚ್ಚಿದರು ಎಂದು ನನಗೆ ಆಮೇಲೆ ಹೇಳಿದವರೂ ಅವರೇ. ಸೋಮವಾರ ಹೋದಾಗ ಪತ್ರದ ಕಟ್ಟು ಬೇರೆಯವರ ಮೇಜಿಗೆ ಹೋಗಿತ್ತು, ನನ್ನ ಮೇಜು ಕಿಟಕಿಯ ಪಕ್ಕಕ್ಕೆ ಬಂದಿತ್ತು.

ಬೀಗಲು ಹೆಚ್ಚು ದಿನ ಸಿಗಲಿಲ್ಲ. ದಾರ ಉದ್ದ ಮಾಡಿಸಿ ಸಿಡ್ನಿಯ ಅಂಗಡಿಗೆ ತೋರಿಸಲು ಹೋದೆ. ಅಲ್ಲಿನ ಮ್ಯಾನೇಜರು, “ಮಡಚೋದು ಅಂದ್ರೆ ಪಿಕ್ನಿಕ್ ಕುರ್ಚಿಗೆ ಸರಿ” ಎಂದು ಮುಖ ತಿರುವಿದರು. ಬನ್ನಿ, ನೀರಿನಲ್ಲೇ ತೋರಿಸುತ್ತೇನೆಂದು ಊಟದ ಹೊತ್ತಿನಲ್ಲಿ ಬಂದರಿನ ದಂಡೆಗೆ ಎಳೆದುಕೊಂಡು ಹೋಗಿ ಒಂದು ಬಾತು ಬಿಟ್ಟೆ. ಅಷ್ಟರಲ್ಲಿ ಜನರನ್ನು ತುಂಬಿಕೊಂಡ ಒಂದು ಫೆರ್ರಿ ದೋಣಿ ಹಾದುಹೋಯಿತು. ಉದ್ದ ದಾರಕ್ಕೆ ತಕ್ಕಂತೆ ತುದಿಯ ಭಾರ ಹೆಚ್ಚಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಅಲೆಯೆದ್ದು ಭಾರವನ್ನೂ ಎಳೆದುಕೊಂಡು ನನ್ನ ಬಾತು ಠೀವಿಯಿಂದ ಸಮುದ್ರದ ಕಡೆ ಹೊರಟಿತು. ಫೆರ್ರಿಯ ಜನ ಕೈಬೀಸಿದರು. ನಾನು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾಗ, ಎಲ್ಲಿಂದಲೋ ಬಂದ ಒಂದು ಸೀಗಲ್ ಕಡಲಹಕ್ಕಿ ಅದರ ಬೆನ್ನ ಮೇಲೆ ಕೂತು ಸವಾರಿ ಮಾಡಿತು. ಮ್ಯಾನೇಜರು ನಗು ತಡೆಯಲಾರದೆ, “ಹಕ್ಕಿಗೇ ನಂಬಿಕೆ ಬಂದ್ಮೇಲೆ ನಂದೇನು? ಕಳಿಸಿಕೊಡಿ. ಆದ್ರೆ ಭಾರ ಜಾಸ್ತಿ ಮಾಡಿಸಿ” ಎಂದರು. ದಪ್ಪ ಕಬ್ಬಿಣದ ನಟ್ಟು ಕಟ್ಟಿಸಿದೆ. ಆ ಬಾತು ಇನ್ನೂ ಎಲ್ಲಿ ತೇಲುತ್ತಿದೆಯೋ ಗೊತ್ತಿಲ್ಲ.

ತೊಂಬತ್ತರ ದಶಕದಲ್ಲಿ ಒಂದೊಂದಾಗಿ ಎಲ್ಲ ಬದಲಾಯಿತು. ಪತ್ರ ಹೋಗಿ ಫ್ಯಾಕ್ಸ್ ಬಂತು, ಆಮೇಲೆ ಕಂಪ್ಯೂಟರು. ಬೇಟೆಗಾರರು ಹಕ್ಕಿ ಗುರುತಿಸುವ ಪರೀಕ್ಷೆ ಪಾಸಾಗಬೇಕೆಂಬ ನಿಯಮವೂ ಬಂತು, ಉಳಿಸಬೇಕಾದ ಜಾತಿಯನ್ನು ತಪ್ಪಿ ಹೊಡೆಯಬಾರದೆಂದು. ಸಾಯುವವು ಅಷ್ಟಾದರೂ ಕಡಿಮೆಯಾಗಲಿ ಎಂದು ನನಗೆ ಸಂತೋಷವಾಯಿತು. ಬರ್ಟ್ ಮಾತ್ರ ಸಣ್ಣ ಮುಖ ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ಅರವತ್ತು ವರ್ಷ ಬಾತು ನೋಡಿದ ಮನುಷ್ಯನಿಗೆ ಪರೀಕ್ಷೆ ಎಂದರೆ ಹೆದರಿಕೆ. ಸ್ಕೂಲು ಬಿಟ್ಟ ಮೇಲೆ ಪೆನ್ಸಿಲ್ ಹಿಡಿದು ಕೂತವರೇ ಅಲ್ಲ. ಊಟದ ಹೊತ್ತಿನಲ್ಲಿ ಚಿತ್ರದ ಚೀಟಿ ತೋರಿಸಿ ಒಂದು ತಿಂಗಳು ಕಲಿಸಿದೆ. ಎಲ್ಲ ಗೊತ್ತು, ಆದರೆ ಪುಸ್ತಕದ ಹೆಸರು ಬಾಯಿಗೆ ಬಾರದು. ಪರೀಕ್ಷೆಯ ದಿನ ನಮ್ಮಲ್ಲಿ ಮಕ್ಕಳಿಗೆ ಕೊಡುವಂತೆ ಒಂದು ಚಮಚ ಮೊಸರಿಗೆ ಸಕ್ಕರೆ ಹಾಕಿ ಬಾಯಿಗಿಟ್ಟೆ. ಮಧ್ಯಾಹ್ನ ಬಂದು, “ಸಕ್ಕರೆ ಸಾಲ್ದು” ಎಂದಷ್ಟೇ ಹೇಳಿ ಹೋದರು. ಪಾಸಾಗಿದ್ದರು.

ದಶಕದ ನಡುವೆ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಹವ್ಯಾಸದ ಬಾತು ಬೇಟೆಯನ್ನೇ ನಿಲ್ಲಿಸಿದರು. ಸಿಡ್ನಿಯ ಅಂಗಡಿಯಲ್ಲಿ ನನ್ನ ಬಾತುಗಳು ಕಪಾಟಿನಲ್ಲೇ ಉಳಿದವು. ಕೆಲಸ ಹೋಯಿತೆಂದುಕೊಂಡೆ. ಆದರೆ ಹಕ್ಕಿಯ ಫೋಟೋ ತೆಗೆಯುವವರು ಒಬ್ಬೊಬ್ಬರಾಗಿ ಬಂದು ಕೊಳ್ಳತೊಡಗಿದರು. ಅವರಿಗೂ ಹಗುರ ಬೇಕು, ಹೊಳಪು ಬೇಡ, ಹಕ್ಕಿ ಹತ್ತಿರ ಇಳಿಯಬೇಕು. ಅವರಿಗೆ ಚೀಲ ಕಟ್ಟಿಕೊಡುವಾಗ ಮನಸ್ಸು ಎಷ್ಟು ಹಗುರಾಗುತ್ತಿತ್ತೆಂದು ಹೇಳಲಾರೆ. ಅದನ್ನು ಬರ್ಟ್‌ಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. “ನಾನು ಈಗ ಎರಡು ಗುಂಡು ಹಾರಿಸಿದ್ರೆ ಹೆಚ್ಚು. ನೋಡ್ತಾ ಕೂತಿರ್ತೀನಿ. ಮಗನಿಗೆ ಹೇಳ್ಬೇಡ” ಎಂದರು.

ಕೊನೆಕೊನೆಗೆ ಅವರ ಮಂಡಿ ಕೈಕೊಟ್ಟಿತು. ಬಾತು ಎಷ್ಟು ಹಗುರವಾದರೂ ಕೆಸರಿನಲ್ಲಿ ಕಾಲು ಕೀಳಬೇಕಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಮೊದಲ ಸಲ ಅವರು ಜೌಗಿಗೆ ಹೋಗಲಿಲ್ಲ. ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ, ಊಟ ಸೇರುತ್ತಿಲ್ಲ ಎಂದು ಕೆವಿನ್ ಬೇಜಾರು ಮಾಡಿಕೊಂಡರು. ಅಕ್ಟೋಬರ್‌ನಲ್ಲಿ ನಮ್ಮ ಮನೆಯ ಗೊಂಬೆ ನೋಡಲು ಕರೆದುಕೊಂಡು ಬನ್ನಿ ಎಂದೆ.

ಆ ಸಲ ಅತ್ತೆಯೂ ಮೈಸೂರಿನಿಂದ ಬಂದಿದ್ದರು. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಕೆಳಗೆ ನಾವು ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಪಾರ್ಕು. ರಾಗಿ ಪೈರು, ನಡುವೆ ಕೆರೆಗೆಂದು ಬಚ್ಚಲಿನ ದೊಡ್ಡ ಕನ್ನಡಿ. ಕನ್ನಡಿಯ ಮೇಲೆ ಆಫೀಸಿನ ಹಳೆಯ ಚಿಕ್ಕ ಸ್ಯಾಂಪಲ್ ಬಾತುಗಳನ್ನು ಅತ್ತೆ ತಾವೇ ಇಟ್ಟಿದ್ದರು, ಸಾಲಾಗಿ, ಜೋಡಿ ಜೋಡಿಯಾಗಿ, ನಮ್ಮ ಕಡೆ ಮುಖ ಮಾಡಿ. ನಾನು ಹಾಗೇ ಬಿಟ್ಟಿದ್ದೆ.

ಬರ್ಟ್ ಕೋಲೂರಿಕೊಂಡು ಬಂದರು. ಮೇಲಿನ ರಾಜ ರಾಣಿಯರನ್ನು ನೋಡಲೇ ಇಲ್ಲ, ಕಣ್ಣು ನೇರ ಕನ್ನಡಿಗೆ ಹೋಯಿತು.

“ಯಾರು ಇಟ್ಟಿದ್ದು ಇದನ್ನ?” ಎಂದು ಗುಡುಗಿದರು.

ನಾನು ಅತ್ತೆಯ ಕಡೆ ನೋಡಿದೆ. ಅತ್ತೆಗೆ ಇಂಗ್ಲಿಷ್ ಬಾರದಿದ್ದರೂ ದನಿ ಅರ್ಥವಾಯಿತು. “ಯಾಕಂತೆ? ಚೆನ್ನಾಗೇ ಇಟ್ಟಿದೀನಲ್ಲ” ಎಂದರು.

ಬರ್ಟ್ ಕೋಲನ್ನು ಗೋಡೆಗೆ ಒರಗಿಸಿ, ಕೆವಿನ್ ಹಿಡಿಯಲು ಬಂದ ಕೈಯನ್ನು ತಳ್ಳಿ, ನೆಲಕ್ಕೆ ಮಂಡಿಯೂರಿದರು. ನೋವಿಗೆ ಮುಖ ಕಿವುಚಿತು. ಒಂದು ಬಾತು ಎತ್ತಿಕೊಂಡು ತಲೆಯೆತ್ತಿ ಕೇಳಿದರು. “ಗಾಳಿ ಯಾವ ಕಡೆಯಿಂದ?”

ಶ್ರೀಧರ್ ಮೆಲ್ಲಗೆ ಹೋಗಿ ಮೂಲೆಯಲ್ಲಿದ್ದ ಟೇಬಲ್ ಫ್ಯಾನ್ ಹಾಕಿದರು.

ಬರ್ಟ್ ಒಂದು ಕ್ಷಣ ಕಣ್ಣು ಮುಚ್ಚಿ ಕೆನ್ನೆಗೆ ಗಾಳಿ ತಾಗಿಸಿಕೊಂಡರು. ತಲೆಯಾಡಿಸಿದರು. ಆಮೇಲೆ ಒಂದೊಂದೇ ಬಾತನ್ನು ಫ್ಯಾನಿನ ಕಡೆ ಕೊಕ್ಕು ಮಾಡಿ ಇಡತೊಡಗಿದರು. ಇಲ್ಲೊಂದು ಸಂಸಾರ, ಅಲ್ಲೊಂದು ಸಂಸಾರ. ಅತ್ತೆ ಪಕ್ಕದಲ್ಲೇ ಕೂತು ಒಂದೊಂದಾಗಿ ಬಾತು ಎತ್ತಿ ಅವರ ಕೈಗೆ ಕೊಟ್ಟರು. ಮುನಿಸಿನ ಒಂದು ಹಕ್ಕಿಯನ್ನು ಬರ್ಟ್ ರಾಗಿ ಪೈರಿನ ಪಕ್ಕ ದೂರ ಇಟ್ಟರು. ಇನ್ನೊಂದು ಉಳಿದಿತ್ತು. ಅತ್ತೆ ಅದನ್ನು ನಡುವೆ ಇಡಲು ಹೋದರು. ಬರ್ಟ್ ಅತ್ತೆಯ ಕೈ ತಡೆದು, ಬೇಡವೆಂದು ತಲೆಯಾಡಿಸಿ, ಆ ಬಾತನ್ನು ಮಡಚಿ ಹಾಳೆ ಮಾಡಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ನಡುವೆ ಖಾಲಿ ಕನ್ನಡಿ ಉಳಿಯಿತು.

ಬಹಳ ಹೊತ್ತು ನೋಡುತ್ತ ಕೂತಿದ್ದರು. ಕಡಲೆ ಉಸಲಿ ಕೊಟ್ಟೆ, ಎರಡು ಸಲ ಹಾಕಿಸಿಕೊಂಡು ತಿಂದರು. ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. ಉಪ್ಪು ಹೆಚ್ಚಾಯಿತು, ಫ್ಯಾನು ಸಾಲದು, ಏನಾದರೊಂದು ಬರುತ್ತದೆಂದು ಕಾದೆ.

“ತುಂಬಾ ಚೆನ್ನಾಗಿತ್ತು, ಸುಶ್” ಎಂದರು.

ಅಷ್ಟು ವರ್ಷದಲ್ಲಿ ಬರ್ಟ್ ನನ್ನನ್ನು ಬೈಯದೆ ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ. ನಾನು ಒಳಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಮುಂದಿನ ಮಾರ್ಚ್ ಬರುವ ಮೊದಲೇ ಬರ್ಟ್ ಹೋಗಿಬಿಟ್ಟರು. ಅವರ ಕೋಟಿನ ಜೇಬಿನಲ್ಲಿ ಆ ಮಡಚಿದ ಬಾತು ಹಾಗೇ ಇತ್ತೆಂದು ಕೆವಿನ್ ಹೇಳಿದರು. ವಾಪಸು ಬೇಕೇ ಎಂದು ಕೇಳಿದರು. ಅವರ ಜೊತೆಗೇ ಕಳಿಸಿ ಎಂದೆ.

ಮೇಘನಾ, ಈ ನವರಾತ್ರಿಗೆ ಬಾ. ನಿನ್ನ ಸ್ಯಾಂಪಲ್‌ಗಳನ್ನೂ ತಾ, ಐಸ್ ನೀರು ನಾನು ಇಟ್ಟಿರುತ್ತೇನೆ. ನಮ್ಮ ಮನೆಯಲ್ಲಿ ಈಗಲೂ ಮೊದಲು ಫ್ಯಾನ್ ಹಾಕಿ, ಗಾಳಿ ನೋಡಿಕೊಂಡು, ಆಮೇಲೆ ಕನ್ನಡಿಯ ಮೇಲೆ ಬಾತು ಇಡುತ್ತೇನೆ. ನಡುವೆ ಖಾಲಿ ಕಂಡರೆ ಏನನ್ನೂ ಇಡಬೇಡ. ಆ ಜಾಗ ಬರುವವರದು.